ದುಡ್ಡು ಕೊಟ್ಟು ವಂಶವೃಕ್ಷ ಬರೆಸುವ ಮುಂಚೆ ಇದನ್ನು ಓದಿ

ಅಮೆರಿಕದವರ ಜೊತೆ ಬೀಗತನ ಮಾಡಿದವರು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ಮೊಮ್ಮಕ್ಕಳಿಗೆ ಆ ಕಡೆಯ ಮನೆತನವೂ ಗೊತ್ತಿರಲಿ ಅಂತ ಆಸೆ ಇರುತ್ತದಲ್ವಾ, ಅಂಥವರಿಗೆ ಈ ಮಾತು.

ನಮ್ಮ ಬೀಗರದು ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಡಿಸನ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಬಿಳಿಯರು ಅಲ್ಲಿ ಕಾಡು ಕಡಿದು ನೆಲೆಯೂರಿದ ಕಾಲದ ಕುಟುಂಬ. ಮೊಮ್ಮಗ ಹುಟ್ಟಿದಾಗ ಒಬ್ಬ ಸಂಶೋಧಕನಿಗೆ ದೊಡ್ಡ ಮೊತ್ತ ಕೊಟ್ಟು ಚರಿತ್ರೆ ಬರೆಸಿದರು. ಚರ್ಮದ ರಟ್ಟು, ಚಿನ್ನದ ಅಕ್ಷರ, ಮೇಲೊಂದು ಲಾಂಛನ. ಮೂಲಪುರುಷ ಸ್ವಾತಂತ್ರ್ಯ ಯುದ್ಧದ ಸೈನಿಕ, 1775ರಲ್ಲಿ ಕೆಂಟಕಿಗೆ ದಾರಿ ಮಾಡಿದ ಹೆಸರಾಂತ ಡೇನಿಯಲ್ ಬೂನ್ ಜೊತೆ ಕಂಬರ್ಲೆಂಡ್ ಗ್ಯಾಪ್ ಎಂಬ ಬೆಟ್ಟದ ಕಣಿವೆ ದಾಟಿ ಬಂದವನಂತೆ!

ಬೀಗಿತ್ತಿ ಆ ಸೈನಿಕರ ವಂಶಸ್ಥರ ಸಂಘವೊಂದಕ್ಕೆ ಅರ್ಜಿ ಹಾಕಿದರು. ಪುರಾವೆ ಸಾಲದು ಅಂತ ವಾಪಸ್ ಬಂತು. ಆಗ ಬೀಗರೂ ನಾನೂ ಕೂತು ಅಡಿಟಿಪ್ಪಣಿಗಳನ್ನು ಕೆದಕಿದೆವು.

ಹೆಂಡತಿ ಮಕ್ಕಳ ಹೆಸರಿಗೆ ಕೊಟ್ಟ ಆಧಾರ 1790ರ ಕೆಂಟಕಿ ಜನಗಣತಿ. ಆ ಗಣತಿಯ ಹಾಳೆಗಳೇ ಉಳಿದಿಲ್ಲ. 1800ರದ್ದೂ ಇಲ್ಲ. ಅದರ ಬದಲು ಎಲ್ಲರೂ ತೆರಿಗೆ ಪಟ್ಟಿ ನೋಡುತ್ತಾರೆ, ಅದರಲ್ಲಿ ಹೆಂಡತಿ ಮಕ್ಕಳ ಹೆಸರು ಇರುವುದಿಲ್ಲ. ಗಣತಿ ಉಳಿದ ಕಡೆಯೂ 1840ರ ತನಕ ಯಜಮಾನನ ಹೆಸರಷ್ಟೇ, ಮಿಕ್ಕವರು ಬರೀ ಲೆಕ್ಕ. ಮನೆಮಂದಿಯ ಹೆಸರು ಬರೆಯಲು ಶುರುವಾದದ್ದು 1850ರಲ್ಲಿ, ಅದೂ ಗುಲಾಮರನ್ನು ಬಿಟ್ಟು. ಹಾಗಾದರೆ ಈ ಸಂಶೋಧಕನಿಗೆ ಮಕ್ಕಳ ಹೆಸರು ಎಲ್ಲಿ ಸಿಕ್ಕಿತು?

ಇನ್ನೊಂದು ಇದಕ್ಕಿಂತ ದೊಡ್ಡದು. 1832ರ ಪಿಂಚಣಿ ಕಾನೂನಿನಲ್ಲಿ ಮುದಿ ಸೈನಿಕರು ಕೋರ್ಟಿನಲ್ಲಿ ಪ್ರಮಾಣ ಮಾಡಿ, ಎಲ್ಲಿ ಹುಟ್ಟಿದೆ, ಯಾರ ಕೆಳಗೆ ಕಾದಾಡಿದೆ, ಆಮೇಲೆ ಎಲ್ಲೆಲ್ಲಿದ್ದೆ ಅಂತ ಹೇಳಬೇಕಿತ್ತು. ಆ ಕಡತಗಳು ಅಮೆರಿಕ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ತೆಗೆಸಿ ಓದಿದರೆ, ಪುಸ್ತಕದಲ್ಲಿ ಹೇಳಿದ ಸೈನಿಕ 1810 ದಾಟಿದ ಮೇಲೆ ಕೆಂಟಕಿಗೆ ಬಂದವನು. ಬೀಗರ ಹಿರಿಯ 1788ರಲ್ಲೇ ಮ್ಯಾಡಿಸನ್‌ನಲ್ಲಿ ತೆರಿಗೆ ಕಟ್ಟಿದ್ದಾನೆ. ಪಟ್ಟಿಯಲ್ಲಿ ಜಮೀನು ಯಾವ ಹಳ್ಳದ ದಂಡೆಯಲ್ಲಿದೆ ಅಂತಲೂ ಬರೆಯುತ್ತಿದ್ದರು. ಸೈನಿಕ ಬಂದ ಮೇಲಿನ ವರ್ಷಗಳ ಪಟ್ಟಿಯಲ್ಲಿ ಇಬ್ಬರೂ ಇದ್ದಾರೆ. ಒಬ್ಬನ ಜಮೀನು ಪೇಂಟ್ ಲಿಕ್ ಹಳ್ಳದ ದಂಡೆಯಲ್ಲಿ, ಇನ್ನೊಬ್ಬನದು ಸಿಲ್ವರ್ ಕ್ರೀಕ್ ಹಳ್ಳದ ದಂಡೆಯಲ್ಲಿ. ಒಂದೇ ಹೆಸರಿನ ಇಬ್ಬರನ್ನು ಸೇರಿಸಿ ಹೊಲಿದು, ಮೇಲೆ ಬೂನ್‌ನನ್ನು ಅಂಟಿಸಿದ್ದಾನೆ ಪುಣ್ಯಾತ್ಮ.

ಅದೇ ತೆರಿಗೆ ಪಟ್ಟಿಯಲ್ಲಿ ಗುಲಾಮರ ಎಣಿಕೆಗೂ ಕಾಲಂ ಇದೆ. ಬೀಗರ ಹಿರಿಯನ ಸಾಲಿನಲ್ಲಿ ಅದು ಖಾಲಿ ಇರಲಿಲ್ಲ. ಪುಸ್ತಕದಲ್ಲಿ ಆ ಸುದ್ದಿಯೇ ಇಲ್ಲ. ಗಿರಾಕಿಗೆ ಇಷ್ಟವಾಗುವುದು ಮಾತ್ರ ಬರೆದಿದ್ದಾನೆ ಅಂತ ನನಗೆ ಖಾತ್ರಿಯಾದದ್ದು ಅಲ್ಲೇ.

ಈ ದಂಧೆ ಹಳೆಯದು. 1942ರಲ್ಲಿ ತೀರಿಕೊಂಡ ಗುಸ್ತಾವ್ ಆಂಜೂ ಎಂಬಾತ ಶ್ರೀಮಂತ ಅಮೆರಿಕನ್ನರಿಗೆ ಸುಳ್ಳು ವಂಶಾವಳಿ ಬರೆದೇ ಹೆಸರಾದವನು.

ಮುಂಗಡ ಕೊಡುವ ಮುಂಚೆಯೇ ಕರಾರಿನಲ್ಲಿ ಬರೆಸಿಕೊಳ್ಳಿ: ತಲೆಮಾರಿಗೊಂದು ಮೂಲ ದಾಖಲೆಯ ಫೋಟೋ ಬೇಕು. ತಂದೆ ಮಗನ ಕೊಂಡಿ ಯಾವ ಕಾಗದದಲ್ಲಿದೆ ಅಂತ ಕೇಳಿ. ಉಯಿಲು, ಜಮೀನು ಪತ್ರ, ಮದುವೆಗೆ ಅಡ್ಡಿಯಿಲ್ಲ ಅಂತ ಬರೆದುಕೊಡುತ್ತಿದ್ದ ಮುಚ್ಚಳಿಕೆ, ಏನೋ ಒಂದು ಇರಬೇಕು. ಮುಚ್ಚಳಿಕೆಗೆ ಜಾಮೀನು ನಿಂತವನು ಎಷ್ಟೋ ಸಲ ಹುಡುಗಿಯ ಅಪ್ಪನೋ ಅಣ್ಣನೋ ಆಗಿರುತ್ತಾನೆ. ಕೆಂಟಕಿ 1792ರ ತನಕ ವರ್ಜೀನಿಯಾದ ಭಾಗ, ಮ್ಯಾಡಿಸನ್ ಆದದ್ದು ಲಿಂಕನ್ ಕೌಂಟಿ ಒಡೆದು. ಹಾಗಾಗಿ ಒಂದೇ ಮನೆತನದ ಕಾಗದ ಬೇರೆ ಬೇರೆ ಕೋರ್ಟುಗಳಲ್ಲಿ ಇರಬಹುದು. ಇದನ್ನು ತಾನಾಗಿ ಹೇಳದ ಸಂಶೋಧಕನಿಗೆ ದುಡ್ಡು ಕೊಡಬೇಡಿ.

ನಮ್ಮ ಬೀಗರ ದುಡ್ಡು ವಾಪಸ್ ಬರಲಿಲ್ಲ. "ಸಿಕ್ಕ ಮಾಹಿತಿ ಆಧರಿಸಿ ಬರೆದದ್ದು" ಅಂತ ಸಂಶೋಧಕ ಕರಾರಿನ ಸಾಲು ತೋರಿಸಿದ. ಅಷ್ಟರಲ್ಲಿ ಅವರ ಅಣ್ಣನ ಮಕ್ಕಳು ಅದೇ ವಂಶವೃಕ್ಷವನ್ನು ಇಂಟರ್ನೆಟ್ಟಿಗೆ ಹಾಕಿದ್ದರು. ದೂರದವರು ಈಗಲೂ ಅದನ್ನೇ ನಕಲು ಮಾಡುತ್ತಿದ್ದಾರೆ. ಬೀಗರು ಒಬ್ಬೊಬ್ಬರಿಗೂ ಪಿಂಚಣಿ ಕಡತದ ಪ್ರತಿ ಕಳಿಸುತ್ತಾರೆ. ಕೆಲವರು ತಿದ್ದಿಕೊಂಡರು. ಜಾಸ್ತಿ ಜನಕ್ಕೆ ಬೂನ್‌ನನ್ನು ಬಿಡಲು ಮನಸ್ಸಿಲ್ಲ.