ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ತಂಗುವವರಿಗೆ

ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ದುಡ್ಡಿಗೆ ತಕ್ಕ ಸೌಲಭ್ಯವೆಂದರೆ ರಿಟೈರಿಂಗ್ ರೂಮು, ಅಂದರೆ ಪ್ರಯಾಣಿಕರು ಬಾಡಿಗೆಗೆ ತಂಗುವ ಕೋಣೆ. ರೈಲ್ವೆ ಟಿಕೆಟ್ ಜಾಲತಾಣವಾದ ಐಆರ್‌ಸಿಟಿಸಿಯಲ್ಲಿ ಪಿಎನ್‌ಆರ್ (ಟಿಕೆಟ್ಟಿನ ಮೇಲಿನ ಹತ್ತಂಕಿಯ ಸಂಖ್ಯೆ) ಹಾಕಿಯೇ ಕಾದಿರಿಸಬೇಕು. ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ (ಕೂರಲು ಜಾಗ ಖಚಿತ, ಪೂರ್ತಿ ಬರ್ತ್ ಖಚಿತವಲ್ಲ) ಆಗಿರಬೇಕು, ವೇಟಿಂಗ್ ಲಿಸ್ಟ್ ನಡೆಯದು. ಎಡವಟ್ಟಾಗುವುದು ಹೊತ್ತಿನ ಲೆಕ್ಕದಲ್ಲಿ. ಬೆಳಗ್ಗೆ ಬರುವ ರೈಲನ್ನು ನಂಬಿ ಅದೇ ಗಂಟೆಯಿಂದ ಕಾದಿರಿಸಿದರೆ, ರೈಲು ತಡವಾದಷ್ಟೂ ನಿಮ್ಮ ಅವಧಿಯೇ ಕರಗುತ್ತದೆ. ಒಂದೆರಡು ಗಂಟೆ ಬಿಟ್ಟು ಶುರುಮಾಡುವುದು ಜಾಣತನ. ಒಬ್ಬರೇ ಇದ್ದರೆ ಹಲವರು ಹಂಚಿಕೊಳ್ಳುವ ಡಾರ್ಮಿಟರಿಯ ಒಂದು ಹಾಸಿಗೆ ಸಾಕು.

ಸ್ನಾನ ಮಾಡಿ ಊರು ಸುತ್ತುವವರಿಗೆ ಲಗೇಜು ಇಟ್ಟುಹೋಗಲು ಕ್ಲೋಕ್ ರೂಮು ಇದೆ. ಬೀಗವಿಲ್ಲದ ಬ್ಯಾಗು ತೆಗೆದುಕೊಳ್ಳುವುದಿಲ್ಲ. ಬ್ಯಾಕ್‌ಪ್ಯಾಕ್ ಆದರೆ ಜಿಪ್ಪಿನ ಎರಡೂ ಎಳೆಗಳ ತೂತಿಗೆ ಸಣ್ಣ ಬೀಗ ತೂರಿಸಿ; ಪಕ್ಕದ ಜೇಬನ್ನು ಮರೆಯಬೇಡಿ. ಬಾಡಿಗೆ 24 ಗಂಟೆಯ ಲೆಕ್ಕ. ರಸೀದಿ ಕಳೆದರೆ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಬೇಕಾದ ರಗಳೆ, ಹಾಗಾಗಿ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಸಾಮಾನ್ಯ ನಿರೀಕ್ಷಣಾ ಕೊಠಡಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ಹಬ್ಬದ ಮುನ್ನಾದಿನ ಕುರ್ಚಿಯ ಆಸೆ ಬಿಡಿ. ಮೆಟ್ರೊದಲ್ಲಿ ಬರುವವರಿಗೆ ಹಿಂಬದಿಯ 10ನೇ ಪ್ಲಾಟ್‌ಫಾರ್ಮಿಗೆ ಕಾಲುಸೇತುವೆ ಉಂಟು. ರೈಲು 1ರಲ್ಲಿದ್ದರೆ ಅಷ್ಟೂ ಹಳಿ ದಾಟುವ ಸಮಯ ಕೈಯಲ್ಲಿಟ್ಟುಕೊಳ್ಳಿ. ಟಿಕೆಟ್ಟಿನಲ್ಲಿ ಎಸ್‌ಎಂವಿಟಿ (ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್) ಎಂದಿದ್ದರೆ ಮಾತ್ರ ಇಲ್ಲಿಗೆ ಬರಲೇಬೇಡಿ, ಅದು ಬೈಯಪ್ಪನಹಳ್ಳಿಯ ಬೇರೆ ನಿಲ್ದಾಣ.