ಎಂಟು ಪಂದ್ಯ ಗೆದ್ದವರು: ‘ಕೌಂಟ್‌ಡೌನ್’ ಕಾರ್ಯಕ್ರಮದ ಒಂದು ವಿಮರ್ಶೆ

ಬ್ರಿಟನ್ನಿನ ಚಾನೆಲ್ 4 ವಾಹಿನಿ 1982ರ ನವೆಂಬರ್ 2ರಂದು ಪ್ರಸಾರ ಆರಂಭಿಸಿದಾಗ ಅದರಲ್ಲಿ ಮೊಟ್ಟಮೊದಲು ಬಿತ್ತರಗೊಂಡದ್ದು ‘ಕೌಂಟ್‌ಡೌನ್’. ಫ್ರಾನ್ಸಿನಲ್ಲಿ ಅರ್ಮಾಂ ಜಾಮೊ ರೂಪಿಸಿದ ಅಕ್ಷರ ಮತ್ತು ಅಂಕಿಗಳ ಆಟವನ್ನು ಆಧರಿಸಿದ ಈ ಕಾರ್ಯಕ್ರಮ ಆರು ಸಾವಿರ ಸಂಚಿಕೆಗಳನ್ನು ಎಂದೋ ದಾಟಿದೆ. ಇದರ ಮಾತು ಬಂದಾಗಲೆಲ್ಲ ನಿರೂಪಕ ರಿಚರ್ಡ್ ವೈಟ್ಲಿ, ಸಂಖ್ಯೆಯ ಸುತ್ತಿನ ಕ್ಯಾರಲ್ ವೋರ್ಡರ್‌ಮನ್ ಮತ್ತು ರೇಚಲ್ ರೈಲಿ, 1992ರಿಂದ ನಿಘಂಟಿನ ಮೂಲೆಯಲ್ಲಿ ಕೂತು ಪದಗಳನ್ನು ಪರಿಶೀಲಿಸುವ ಸೂಸಿ ಡೆಂಟ್ ಇವರ ಹೆಸರುಗಳೇ ಮುಂದೆ ಬರುತ್ತವೆ. ಅವರ ಕೊಡುಗೆ ಸಣ್ಣದಲ್ಲ. ಆದರೆ ನಿರೂಪಕರು ಒಬ್ಬರ ಹಿಂದೆ ಒಬ್ಬರು ಬದಲಾದರೂ ಕಾರ್ಯಕ್ರಮ ತನ್ನ ಗಾಂಭೀರ್ಯ ಕಳೆದುಕೊಳ್ಳದೆ ಉಳಿದಿರುವುದು ಅದರ ಎಂಟು ಪಂದ್ಯಗಳ ನಿಯಮದಿಂದ, ಆ ನಿಯಮ ಒಬ್ಬ ಸಾಮಾನ್ಯ ಸ್ಪರ್ಧಿಗೆ ಕಟ್ಟಿಕೊಡುವ ಆಟದ ಬದುಕಿನಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಟ ಸರಳವಾಗಿದೆ. ಸ್ಪರ್ಧಿಗಳು ಸ್ವರ ಬೇಕೋ ವ್ಯಂಜನ ಬೇಕೋ ಎಂದು ಹೇಳಿ ಒಂಬತ್ತು ಅಕ್ಷರಗಳನ್ನು ಪಡೆದುಕೊಂಡು ಮೂವತ್ತು ಸೆಕೆಂಡುಗಳಲ್ಲಿ ಅತಿ ಉದ್ದದ ಪದವನ್ನು ಹುಡುಕಬೇಕು. ಒಂಬತ್ತೂ ಅಕ್ಷರಗಳ ಪದಕ್ಕೆ 18 ಅಂಕ. ಸಂಖ್ಯೆಯ ಸುತ್ತಿನಲ್ಲಿ ಆರು ಸಂಖ್ಯೆಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಿ ಮೂರಂಕಿಯ ಗುರಿಯನ್ನು ಮುಟ್ಟಬೇಕು. ಕೊನೆಯ ಸುತ್ತು ಕನಂಡ್ರಮ್: ಚದುರಿಸಿಟ್ಟ ಒಂಬತ್ತು ಅಕ್ಷರಗಳ ಒಂದೇ ಪದವನ್ನು ಯಾರು ಮೊದಲು ಗುಂಡಿ ಒತ್ತಿ ಸರಿಯಾಗಿ ಹೇಳುತ್ತಾರೋ ಅವರಿಗೆ ಹತ್ತು ಅಂಕ. ಅಂಕಗಳ ಅಂತರ ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಇದೇ ಸುತ್ತು ಇಡೀ ಪಂದ್ಯವನ್ನು ತಿರುಗಿಸಿಬಿಡಬಲ್ಲದು.

ನಿಜವಾದ ಕಥೆ ಆರಂಭವಾಗುವುದು ಪಂದ್ಯ ಗೆದ್ದ ಮೇಲೆ. ಗೆದ್ದವರು ಮರುದಿನದ ಸಂಚಿಕೆಯಲ್ಲಿ ಹೊಸ ಎದುರಾಳಿಯ ಮುಂದೆ ಕೂರುತ್ತಾರೆ, ಸೋತವರು ಮನೆಗೆ ಹೋಗುತ್ತಾರೆ. ಸತತ ಎಂಟು ಪಂದ್ಯ ಗೆದ್ದವರನ್ನು ಆಕ್ಟೋಚಾಂಪ್ ಎಂದು ಕರೆದು, ಅಜೇಯರಾಗಿಯೇ ಬೀಳ್ಕೊಟ್ಟು, ಸರಣಿಯ ಕೊನೆಯ ಹಂತಕ್ಕೆ ಮತ್ತೆ ಕರೆಸಿಕೊಳ್ಳಲಾಗುತ್ತದೆ. ಗೆದ್ದ ಪಂದ್ಯಗಳ ಸಂಖ್ಯೆಯನ್ನು ಮೊದಲು ನೋಡಿ, ಅದು ಸಮವಾದಾಗ ಒಟ್ಟು ಅಂಕಗಳನ್ನು ನೋಡಿ ಎಂಟು ಮಂದಿಯನ್ನು ಆರಿಸುತ್ತಾರೆ. ಹೀಗಾಗಿ ಐವತ್ತು ಅಂಕಗಳಿಂದ ಮುಂದಿರುವ ಸ್ಪರ್ಧಿಯೂ ಕೊನೆಯ ಕನಂಡ್ರಮ್‌ಗಾಗಿ ಪ್ರಾಣ ಪಣಕ್ಕಿಟ್ಟವರಂತೆ ಆಡುವುದನ್ನು ನೋಡುತ್ತೇವೆ; ಆ ಹತ್ತು ಅಂಕ ಅಂದಿನ ಪಂದ್ಯಕ್ಕೆ ಬೇಡದಿದ್ದರೂ ತಿಂಗಳುಗಳ ನಂತರ ಕ್ವಾರ್ಟರ್ ಫೈನಲ್ಲಿನಲ್ಲಿ ಎದುರಿಗೆ ಯಾರು ಕೂರಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಒಬ್ಬನೇ ಪ್ರತಿಭಾವಂತ ತಿಂಗಳುಗಟ್ಟಲೆ ಕುರ್ಚಿ ಹಿಡಿದು ಕೂರುವುದನ್ನು ತಪ್ಪಿಸುವ, ಆದರೂ ಅವನ ಸಾಧನೆಗೆ ತಕ್ಕ ಮನ್ನಣೆ ಕೊಡುವ ಇಂತಹ ನ್ಯಾಯವಾದ ಏರ್ಪಾಡನ್ನು ಬೇರೆ ಕ್ವಿಜ್ ಕಾರ್ಯಕ್ರಮಗಳಲ್ಲಿ ನಾನು ಅಪರೂಪವಾಗಿ ಕಂಡಿದ್ದೇನೆ.

ಈ ಏರ್ಪಾಡಿನಿಂದ ಹೊರಬಂದವರ ಪಟ್ಟಿಯೇ ಅದರ ಗುಣಮಟ್ಟಕ್ಕೆ ಸಾಕ್ಷಿ. ಮೊದಲ ಸರಣಿಯನ್ನು ಗೆದ್ದ ಜಾಯ್ಸ್ ಕ್ಯಾನ್ಸ್‌ಫೀಲ್ಡ್ ಪದಬಂಧ ರಚಿಸುವವರು, ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆದಿದ್ದವರು. ಆರಂಭದ ವರ್ಷಗಳ ಮತ್ತೊಬ್ಬ ಚಾಂಪಿಯನ್ ಮಾರ್ಕ್ ನೈಮನ್ 1993ರಲ್ಲಿ ವಿಶ್ವ ಸ್ಕ್ರ್ಯಾಬಲ್ ಪ್ರಶಸ್ತಿಯನ್ನು ಗೆದ್ದರು; ಸ್ಪರ್ಧಿಯಾಗಿ ಬಂದ ಅದೇ ಕಾರ್ಯಕ್ರಮದಲ್ಲಿ ನಿಘಂಟಿನ ಮೂಲೆಯಲ್ಲೂ ಕುಳಿತರು, ನಿರ್ಮಾಪಕರಾಗಿಯೂ ದುಡಿದರು. 2002ರಲ್ಲಿ ಜೂಲಿಯನ್ ಫೆಲ್ ಒಂದೇ ಪಂದ್ಯದಲ್ಲಿ ಗಳಿಸಿದ 146 ಅಂಕ ಬಹುಕಾಲ ದಾಖಲೆಯಾಗಿ ನಿಂತಿತು. ನನ್ನ ಮಟ್ಟಿಗೆ ಇವರೆಲ್ಲರಲ್ಲಿ ಎದ್ದು ಕಾಣುವ ಹೆಸರು ಕಾನರ್ ಟ್ರಾವರ್ಸ್. ಹದಿನಾಲ್ಕನೆಯ ವಯಸ್ಸಿನಲ್ಲಿ ಸರಣಿ ಗೆದ್ದ ಆತ, ಕಾರ್ಯಕ್ರಮದ ಮೂವತ್ತನೆಯ ವರ್ಷದ ನೆನಪಿಗೆ ಹಳೆಯ ಶ್ರೇಷ್ಠ ಆಟಗಾರರನ್ನು ಸೇರಿಸಿ ನಡೆಸಿದ ವಿಶೇಷ ಪಂದ್ಯಾವಳಿಗೆ ಮತ್ತೆ ಬಂದು, 2013ರ ಫೈನಲ್ಲಿನಲ್ಲಿ ಜ್ಯಾಕ್ ಹರ್ಸ್ಟ್ ಅವರನ್ನು ಸೋಲಿಸಿದರು. ಒಬ್ಬ ಹುಡುಗನ ಚುರುಕು ವರ್ಷಗಳ ಅಭ್ಯಾಸದಿಂದ ಹೇಗೆ ಪಕ್ವವಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನೋಡುವ ಅವಕಾಶ ಟೆಲಿವಿಷನ್ ನಮಗೆ ಹೆಚ್ಚಾಗಿ ಕೊಡುವುದಿಲ್ಲ.

ಹಾಗೆಂದು ದೊಡ್ಡ ಪ್ರಶಸ್ತಿ ಗೆದ್ದವರು ಮಾತ್ರ ನೆನಪಿನಲ್ಲಿ ಉಳಿಯುತ್ತಾರೆ ಎಂದಲ್ಲ. 1997ರ ಒಂದು ಸಂಚಿಕೆಯಲ್ಲಿ ಜೇಮ್ಸ್ ಮಾರ್ಟಿನ್ ಎಂಬ ಸ್ಪರ್ಧಿ 25, 50, 75, 100 ಎಂಬ ನಾಲ್ಕೂ ದೊಡ್ಡ ಸಂಖ್ಯೆಗಳನ್ನು, ಜೊತೆಗೆ 3 ಮತ್ತು 6ನ್ನು ಪಡೆದರು, ಗುರಿ 952. ಅವರು 100ಕ್ಕೆ 6 ಕೂಡಿ 106 ಮಾಡಿ, ಅದನ್ನು ಮೂರರಿಂದ ಗುಣಿಸಿ 318 ಮಾಡಿ, ಮತ್ತೆ 75ರಿಂದ ಗುಣಿಸಿ 23,850ಕ್ಕೆ ಒಯ್ದರು. ಅಲ್ಲಿಗೆ ಸ್ಟುಡಿಯೋದಲ್ಲಿ ನಗು ಎದ್ದಿತು. ಅವರು ಕದಲದೆ 50 ಕಳೆದು 23,800 ಮಾಡಿ, 25ರಿಂದ ಭಾಗಿಸಿ, ಸರಿಯಾಗಿ 952ಕ್ಕೆ ತಂದು ನಿಲ್ಲಿಸಿದರು. ನಾಲ್ಕು ದೊಡ್ಡ ಸಂಖ್ಯೆಗಳನ್ನು ಕೇಳುವುದೇ ಒಂದು ಧೈರ್ಯ. ಹಿಂದೆ ಬಿದ್ದವರು ಎದುರಾಳಿಯನ್ನು ಕಷ್ಟಕ್ಕೆ ಸಿಲುಕಿಸಲು ಹಾಗೆ ಆರಿಸುತ್ತಾರೆ, ಚೆನ್ನಾಗಿ ಪಳಗಿದವರು ತಮ್ಮ ಮೇಲಿನ ನಂಬಿಕೆಯಿಂದ ಆರಿಸುತ್ತಾರೆ. ಯಾರು ಯಾವ ಕಾರಣಕ್ಕೆ ಆರಿಸಿದರು ಎಂಬುದನ್ನು ಗುರುತಿಸಲು ಕಲಿತ ಮೇಲೆ ಕಾರ್ಯಕ್ರಮದ ರುಚಿ ಇಮ್ಮಡಿಯಾಗುತ್ತದೆ.

ಕೊರತೆಗಳನ್ನೂ ಹೇಳಲೇಬೇಕು. ಮೊದಲನೆಯದು, ಸ್ಪರ್ಧಿಗಳ ಈ ಪಯಣವನ್ನು ಕಾರ್ಯಕ್ರಮ ತಾನೇ ಸರಿಯಾಗಿ ತೋರಿಸಿಕೊಡುವುದಿಲ್ಲ. ಅತಿಥಿಗಳ ಕಥೆಗಳಿಗೂ ಪದಗಳ ಮೂಲದ ವಿವರಣೆಗೂ ನಿಮಿಷಗಳು ಸಿಗುತ್ತವೆ. ಆದರೆ ಏಳನೆಯ ಗೆಲುವಿಗೆ ಆಡುತ್ತಿರುವವರ ಒಟ್ಟು ಅಂಕವೆಷ್ಟು, ಸರಣಿಯಲ್ಲಿ ಅವರ ಸ್ಥಾನ ಯಾವುದು ಎಂಬುದನ್ನು ಒಂದು ಪಟ್ಟಿಯಾಗಿ ದಿನವೂ ತೋರಿಸುವ ರೂಢಿ ಇಲ್ಲ. ಹೊಸ ವೀಕ್ಷಕನಿಗೆ ಅದರಿಂದ ಪಂದ್ಯದ ಅರ್ಧ ತೂಕ ತಿಳಿಯದೇ ಹೋಗುತ್ತದೆ. ಎರಡನೆಯದು ಇನ್ನೂ ಗಂಭೀರವಾದದ್ದು. ಚೆನ್ನಾಗಿ ತಯಾರಾಗಿ ಬಂದ ಹೊಸಬರು ಮೊದಲ ದಿನವೇ ಏಳು ಪಂದ್ಯ ಗೆದ್ದವರ ಎದುರು ಸಿಕ್ಕಿ, ಒಳ್ಳೆಯ ಅಂಕ ಗಳಿಸಿಯೂ ಸೋತರೆ, ಸಾಮಾನ್ಯವಾಗಿ ಅವರ ಆಟ ಅಲ್ಲಿಗೇ ಮುಗಿಯುತ್ತದೆ. ಒಂದೇ ದಿನ ಹಲವು ಸಂಚಿಕೆಗಳನ್ನು ಚಿತ್ರೀಕರಿಸುವುದರಿಂದ ಗೆಲ್ಲುತ್ತಲೇ ಇರುವವರಿಗೆ ದಣಿವು ಕಾಡುತ್ತದೆ, ನಿಜ. ಆದರೆ ಸ್ಟುಡಿಯೋದ ಬೆಳಕಿಗೂ ಗಡಿಯಾರದ ಒತ್ತಡಕ್ಕೂ ಒಗ್ಗಿಕೊಂಡಿರುವ ಅನುಕೂಲ ಅದಕ್ಕಿಂತ ದೊಡ್ಡದು. ದೊಡ್ಡ ಅಂಕ ಗಳಿಸಿ ಸೋತವರಿಗೆ ಇನ್ನೊಂದು ಅವಕಾಶ ಕೊಡುವ ನಿಯಮವೊಂದನ್ನು ಸೇರಿಸಿದರೆ ಕಾರ್ಯಕ್ರಮದ ನ್ಯಾಯ ಪೂರ್ಣವಾಗುತ್ತದೆ. ಮೊದಲ ಚಾಂಪಿಯನ್ ಒಬ್ಬ ಮಹಿಳೆಯಾಗಿದ್ದರೂ ಆಮೇಲೆ ಸರಣಿ ಗೆದ್ದ ಮಹಿಳೆಯರು ತೀರ ಕಡಿಮೆ ಎಂಬುದೂ ಆಯೋಜಕರು ಯೋಚಿಸಬೇಕಾದ ಸಂಗತಿ.

ಬಹುಮಾನದ ವಿಷಯದಲ್ಲಿ ಮಾತ್ರ ಯಾವ ಬದಲಾವಣೆಯೂ ಬೇಡ. ಪಂದ್ಯ ಗೆದ್ದವರಿಗೆ ಗಡಿಯಾರದ ಚಿತ್ರವಿರುವ ಒಂದು ಚಹಾ ಪಾತ್ರೆ ಸಿಗುತ್ತದೆ, ಹಣವಲ್ಲ. ಆ ಕಾರಣಕ್ಕೇ ಇಲ್ಲಿಗೆ ಆಟವನ್ನು ಪ್ರೀತಿಸುವವರೇ ಬರುತ್ತಾರೆ. ಎದುರಾಳಿ ತಮಗಿಂತ ಉದ್ದದ ಪದ ಹೇಳಿದಾಗ ಸ್ಪರ್ಧಿಯ ಮುಖದಲ್ಲಿ ಮೆಚ್ಚುಗೆ ಮೂಡುವುದನ್ನು ಎಷ್ಟೋ ಸಲ ಕಾಣಬಹುದು.

ಮೊದಲ ಬಾರಿಗೆ ನೋಡುವವರು ಬಿಡಿಬಿಡಿ ಸಂಚಿಕೆಗಳಿಂದ ತೊಡಗದಿರುವುದು ಒಳ್ಳೆಯದು. ಒಬ್ಬ ಆಕ್ಟೋಚಾಂಪ್ ಆಡಿದ ಎಂಟೂ ಪಂದ್ಯಗಳನ್ನು ಸಾಲಾಗಿ ನೋಡಿ, ಅವರು ಅಕ್ಷರಗಳನ್ನು ಹೇಗೆ ಆರಿಸುತ್ತಾರೆ, ಯಾವಾಗ ಖಚಿತವಿಲ್ಲದ ಪದಕ್ಕೆ ಕೈ ಹಾಕುತ್ತಾರೆ, ಯಾವಾಗ ಸುರಕ್ಷಿತವಾದ ಏಳಕ್ಷರದಲ್ಲಿ ತೃಪ್ತರಾಗುತ್ತಾರೆ ಎಂಬುದನ್ನು ಗಮನಿಸಿಟ್ಟುಕೊಂಡು, ಆಮೇಲೆ ಅದೇ ಸರಣಿಯ ಕ್ವಾರ್ಟರ್ ಫೈನಲ್‌ಗೆ ಬರಬೇಕು.