ಹಳೇ ಎಂಜಿಬಿಗೆ ಬ್ರೇಕ್ ಸರ್ವೋ: ಕೆಲವು ವರ್ಷ ಓಡಿಸಿದ ಮೇಲೆ

ಸರ್ವೋ, ಅಂದರೆ ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಬ್ರೇಕಿನ ಒತ್ತಡ ಹೆಚ್ಚಿಸುವ ಸಾಧನ, ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಟೈರಿಗೆ ಎಷ್ಟು ಹಿಡಿತ ಇದೆಯೋ ಅಷ್ಟೇ ಬ್ರೇಕು. ಕಡಿಮೆಯಾಗುವುದು ಕಾಲಿನ ಶ್ರಮ. ಇಷ್ಟು ಗೊತ್ತಿದ್ದು ಹಾಕಿಸಿದರೆ ಬೇಜಾರಾಗುವುದಿಲ್ಲ.

ನನ್ನದು ಅರವತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎಂಜಿಬಿ ರೋಡ್‌ಸ್ಟರ್. 1962ರಲ್ಲಿ ಈ ಮಾಡೆಲ್ ಬಂದಾಗ ಮುಂದೆ ಡಿಸ್ಕ್, ಹಿಂದೆ ಡ್ರಮ್, ಒಂದೇ ಸರ್ಕ್ಯೂಟ್ (ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ). ನನ್ನ ಕಾರಿನಲ್ಲಿ ಸರ್ವೋ ಇರಲಿಲ್ಲ. ಬ್ರೇಕ್ ಕೆಟ್ಟದ್ದೇನಲ್ಲ, ಆದರೆ ಪೆಡಲ್ ಗಟ್ಟಿ. ಈಗಿನ ಕಾರಿನಿಂದ ಇಳಿದು ಇದರಲ್ಲಿ ಕೂತರೆ ಮೊದಲ ಸಿಗ್ನಲ್‌ನಲ್ಲೇ ಎದೆ ಧಸಕ್ ಅನ್ನುತ್ತದೆ. "ಇದಕ್ಕೆ ಬ್ರೇಕ್ ಇದೆಯಾ, ಇಲ್ವಾ?" ಅಂತ ನನ್ನ ಹೆಂಡತಿ ಕೇಳಿದ್ದು ಸುಮ್ನೆ ಅಲ್ಲ.

ನಾನು ಹಾಕಿದ್ದು ರಿಮೋಟ್ ಸರ್ವೋ, ಅಂದರೆ ಪೆಡಲ್ಲಿಗೆ ನೇರ ಜೋಡಿಸದೆ ದೂರದಲ್ಲಿ ಕೂರಿಸುವಂಥದ್ದು. ಪೆಡಲ್ ಬಾಕ್ಸ್‌ಗೆ ಕೈ ಹಚ್ಚುವ ಅಗತ್ಯವಿಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ಹೊರಟ ಪೈಪ್ ಸರ್ವೋದೊಳಗೆ ಹೋಗಿ, ಇನ್ನೊಂದು ತುದಿಯಿಂದ ಬ್ರೇಕಿಗೆ ಹೋಗುತ್ತದೆ. ಇನ್ಲೆಟ್ ಮ್ಯಾನಿಫೋಲ್ಡ್‌ನ (ಎಂಜಿನ್ ಗಾಳಿ ಹೀರುವ ಕೊಳವೆಯ) ವ್ಯಾಕ್ಯೂಮ್ ಒಳಗಿನ ಡಯಾಫ್ರಮ್ ಎಳೆದು ಒತ್ತಡ ಹೆಚ್ಚಿಸುತ್ತದೆ. ಈ ಬಗೆಯವುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒತ್ತಡವನ್ನು 1.9 ಪಟ್ಟು ಮಾಡುವಂಥದ್ದು. ಬ್ರೇಕ್ ಒತ್ತುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರುತ್ತೇವಲ್ಲ, ವ್ಯಾಕ್ಯೂಮ್ ಆಗಲೇ ಜಾಸ್ತಿ ಇರುತ್ತದೆ. ಎಂಜಿನ್ ಶಕ್ತಿ ಹೆಚ್ಚಿಸಲು ಜೋರು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿಸಿದವರು ಮಾತ್ರ ಮೊದಲು ವ್ಯಾಕ್ಯೂಮ್ ಗೇಜ್ ಇಟ್ಟು ನೋಡಿಕೊಳ್ಳಿ, ಅವರ ಎಂಜಿನ್‌ನಲ್ಲಿ ಐಡ್ಲಿಂಗ್ ವ್ಯಾಕ್ಯೂಮ್ ಕಡಿಮೆ.

ಕೂರಿಸುವಾಗ ಸಿಲಿಂಡರ್‌ನ ಹೊರದಾರಿ ಮೇಲಕ್ಕಿರಬೇಕು, ಇಲ್ಲವಾದರೆ ಗಾಳಿಗುಳ್ಳೆ ಒಳಗೇ ಉಳಿದು ಬ್ಲೀಡ್ (ಆಯಿಲ್ ಹರಿಸಿ ಗಾಳಿ ಹೊರಹಾಕುವುದು) ಮಾಡಿ ಮಾಡಿ ಸಾಕಾಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬಿಸಿಯಿಂದ ದೂರ ಇಡಿ. ಪೈಪ್‌ಗಳನ್ನು ತಾಮ್ರ-ನಿಕಲ್ ಮಿಶ್ರಲೋಹದಲ್ಲಿ ಹೊಸದಾಗಿ ಮಾಡಿಸಿದೆ. ಬಗ್ಗಿಸುವುದು ಸುಲಭ, ತುಕ್ಕೂ ಹಿಡಿಯುವುದಿಲ್ಲ. ಕಿಟ್ ಜೊತೆ ಬಂದ ವ್ಯಾಕ್ಯೂಮ್ ಹೋಸ್ ತೀರಾ ಮೆತ್ತಗಿತ್ತು. ಬಿಸಿಯಾದಾಗ ಒಳಕ್ಕೆ ಚಪ್ಪಟೆಯಾಗುತ್ತಿತ್ತು. ಎಸೆದು, ಒಳಗೆ ಬಲಪಡಿಸಿದ ಹೋಸ್ ತಂದು ಹಾಕಿದೆ.

ಹಾಕಿದ ಮೇಲೆ ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಒತ್ತುತ್ತಾ ಹೋಗಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಕ್ಕೆ ಜಾರಿದರೆ ಸರ್ವೋ ಕೆಲಸ ಮಾಡುತ್ತಿದೆ ಅಂತ ಅರ್ಥ.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಬ್ರೇಕ್ ಆಯಿಲ್ ಮಟ್ಟ ನಿಧಾನವಾಗಿ ಇಳಿಯತೊಡಗಿತು. ಚಕ್ರಗಳ ಒಳಬದಿ, ಯೂನಿಯನ್‌ಗಳು, ಪೆಡಲ್ ಕೆಳಗಿನ ಕಾರ್ಪೆಟ್, ಎಲ್ಲಾ ಕಡೆ ಬೆರಳಾಡಿಸಿ ನೋಡಿದೆ, ಎಲ್ಲವೂ ಒಣ. ಒಂದು ಹನಿ ಕೆಳಗೆ ಬಿದ್ದಿಲ್ಲ. ಆದರೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿತ್ತು. ಕೊನೆಗೆ ಸರ್ವೋ ತುದಿಯಿಂದ ವ್ಯಾಕ್ಯೂಮ್ ಹೋಸ್ ಕಿತ್ತು ಒಳಗೆ ಬಟ್ಟೆ ಸುತ್ತಿದ ಕಡ್ಡಿ ಹಾಕಿದರೆ ತುದಿ ತೊಪ್ಪೆ. ಸರ್ವೋದೊಳಗಿನ ಹೈಡ್ರಾಲಿಕ್ ಸೀಲ್ ಹೋಗಿ, ಆಯಿಲ್ ವ್ಯಾಕ್ಯೂಮ್ ಬದಿಗೆ ಸೋರಿ, ಎಂಜಿನ್ ಅದನ್ನು ಹೀರಿ ಸುಡುತ್ತಿತ್ತು. ಇಷ್ಟು ಹೊಸ ಸರ್ವೋದಲ್ಲಿ ಹೀಗಾಗಬಾರದಿತ್ತು. ಮಾರಿದವರು ಸೀಲ್ ಕಿಟ್ ಕಳಿಸಿದರು, ಕೂಲಿ ನಮ್ಮದೇ. ಸಿಲಿಂಡರ್ ಒಳಮೈ ಸವೆದಿರಲಿಲ್ಲ, ಅದೊಂದು ಪುಣ್ಯ. ಬಿಚ್ಚುವಾಗ ಆಯಿಲ್ ಪೇಂಟ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಸೀಲ್ ಬದಲಾಯಿಸಿದ ಮೇಲೆ ಆಯಿಲ್ ಇಳಿದಿಲ್ಲ. ಆದರೂ ಬಾನೆಟ್ ಎತ್ತಿದಾಗಲೆಲ್ಲ ಕಣ್ಣು ಮೊದಲು ಆ ಆಯಿಲ್ ಡಬ್ಬಿಗೇ ಹೋಗುತ್ತದೆ.

ಓಡಿಸುವಾಗ ಹೇಗಿದೆ? ಊರೊಳಗೆ ತುಂಬಾ ಆರಾಮ. ಇಳಿಜಾರಿನಲ್ಲಿ ತೊಡೆ ನೋಯುವುದಿಲ್ಲ. ಗಟ್ಟಿ ಬ್ರೇಕ್ ಪ್ಯಾಡ್ ಹಾಕಿದ್ದರೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹೋದದ್ದು ಪೆಡಲ್‌ನ ನಯ. ಮೊದಲು ಡಿಸ್ಕ್ ಏನು ಮಾಡುತ್ತಿದೆ ಅನ್ನುವುದು ಪಾದಕ್ಕೇ ತಿಳಿಯುತ್ತಿತ್ತು. ಈಗ ಮೆಲ್ಲಗೆ ಒತ್ತಿದರೆ ಏನೂ ಇಲ್ಲ ಅನ್ನಿಸಿ, ಸ್ವಲ್ಪ ಜಾಸ್ತಿ ಒತ್ತಿದ ತಕ್ಷಣ ಸಹಾಯ ಒಂದೇ ಸಲ ಬಂದುಬಿಡುತ್ತದೆ. ಮಳೆಯಲ್ಲಿ ಮುಂದಿನ ಚಕ್ರ ಲಾಕ್ ಆಗುವುದು ಸುಲಭ. ಎಬಿಎಸ್ ಇಲ್ಲದ ಕಾರು, ಅಲ್ವಾ? ಮೊದಲ ವಾರಗಳಲ್ಲಿ ಮುಂದಿನ ವಾಹನದಿಂದ ದೂರವೇ ಇರಿ. ವ್ಯಾಕ್ಯೂಮ್ ಹೋದರೂ ಬ್ರೇಕ್ ಹೋಗುವುದಿಲ್ಲ, ಪೆಡಲ್ ಹಳೇ ಹಾಗೆ ಗಟ್ಟಿಯಾಗುತ್ತದೆ ಅಷ್ಟೇ.

ಬ್ರೇಕ್ ಸರಿಯಿಲ್ಲ ಅಂತ ಸರ್ವೋ ಹಾಕುವವರಿಗೆ ನನ್ನ ಉತ್ತರ: ಬೇಡ. ಜಾಮ್ ಆದ ಕ್ಯಾಲಿಪರ್ ಪಿಸ್ಟನ್, ಉಬ್ಬಿದ ರಬ್ಬರ್ ಹೋಸ್, ಅಡ್ಜಸ್ಟ್ ಆಗದ ಹಿಂದಿನ ಡ್ರಮ್, ಇವನ್ನು ಸರ್ವೋ ಮುಚ್ಚಿಡುತ್ತದೆ, ಸರಿ ಮಾಡುವುದಿಲ್ಲ. ಒಬ್ಬರೇ ಓಡಿಸುವವರು, ತಿರುವುಗಳಲ್ಲಿ ಪೆಡಲ್ ಜೊತೆ ಆಡುವುದೇ ಖುಷಿ ಅನ್ನುವವರು ದುಡ್ಡು ಉಳಿಸಿ. ನನ್ನ ಕಾರಿನಲ್ಲಿ ಮಾತ್ರ ಇದು ಉಳಿಯುತ್ತದೆ. ಈಗ ಹೆಂಡತಿಯೂ ಓಡಿಸುತ್ತಾಳೆ, ಕೀ ನನ್ನ ಕೈಗೆ ಸಿಗುವುದೇ ಅಪರೂಪ.